ಒಂದು ದಿನದ ರೈತರು

ಸರ್ಕ್ಯುಲರಿನ ಭಾಷೆ ಎಲ್ಲಾ ಶಾಲೆಗಳದ್ದೂ ಹೆಚ್ಚುಕಮ್ಮಿ ಒಂದೇ. ಯಲಹಂಕ ನ್ಯೂ ಟೌನ್ ಆಗಲಿ, ಸಹಕಾರನಗರ ಆಗಲಿ, ಆರ್.ಟಿ. ನಗರ ಆಗಲಿ, ಮಳೆ ನಿಂತು ಚಳಿ ಶುರುವಾಯ್ತು ಅಂದರೆ ಪೇರೆಂಟ್ಸ್ ಗ್ರೂಪಿಗೆ ಅದು ಬಂದು ಬೀಳುತ್ತೆ. ಮಕ್ಕಳನ್ನು 'ಫಾರ್ಮ್ ವಿಸಿಟ್'ಗೆ ಕರೆದುಕೊಂಡು ಹೋಗುತ್ತಿದ್ದೇವೆ, ಹಳೆಯ ಬಟ್ಟೆ ಹಾಕಿ ಕಳಿಸಿ, ಇನ್ನೊಂದು ಜೊತೆ ಬಟ್ಟೆ, ಟವೆಲ್, ಟೋಪಿ ಬ್ಯಾಗಿಗೆ ಹಾಕಿ. ಉದ್ದೇಶ: ನಮ್ಮ ಊಟ ಎಲ್ಲಿಂದ ಬರುತ್ತೆ ಅಂತ ಮಕ್ಕಳು ತಿಳಿಯಲಿ, ಅನ್ನದಾತನಿಗೆ ಗೌರವ ಕೊಡುವುದನ್ನು ಕಲಿಯಲಿ. ಕೆಳಗಡೆ ದುಡ್ಡು ಕಟ್ಟೋ ಲಿಂಕು.

ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕರಿಬೇವಿನ ಗಿಡ ಬಿಟ್ಟು ಇನ್ನೇನೂ ಕಾಣದ ಮಕ್ಕಳು ಒಂದು ದಿನ ಮಣ್ಣಿಗಿಳಿದರೆ ಯಾರಿಗೇನು ನಷ್ಟ? ಆದರೆ ಸಿನಿಮಾ, ನಾಟಕ, ಹೋಟೆಲ್ಲಿನ ಬಿರಿಯಾನಿ ಎಲ್ಲಕ್ಕೂ ರಿವ್ಯೂ ಬರೆಯೋ ನಾವು ಈ ಫಾರ್ಮ್ ವಿಸಿಟ್ಟಿಗೆ ಮಾತ್ರ ಫೋಟೋ ನೋಡಿ ಹಾರ್ಟ್ ಒತ್ತಿ ಸುಮ್ಮನಾಗುತ್ತೇವೆ. ಎರಡು ವರ್ಷದಲ್ಲಿ ಮೂರು ಟ್ರಿಪ್ಪಿಗೆ ವಾಲಂಟಿಯರ್ ಪೇರೆಂಟ್ ಆಗಿ ಹೋಗಿ ಬಂದಿದ್ದೇನೆ. ಮೂರೂ ಬೇರೆ ಬೇರೆ ಜಾಗ, ಕಾರ್ಯಕ್ರಮ ಮಾತ್ರ ಒಂದೇ. ಎತ್ತಿನ ಗಾಡಿ ಸವಾರಿ, ಹಸುವಿನ ಹಾಲು ಕರೆಯೋದು, ಕುಂಬಾರನ ಚಕ್ರ, ಕೆಸರಿನಲ್ಲಿ ಭತ್ತದ ನಾಟಿ, ಬಾಳೆಲೆ ಮೇಲೆ ಮುದ್ದೆ ಊಟ, ಕೊನೆಗೆ ರೇನ್ ಡ್ಯಾನ್ಸ್. ಹಾಗಾಗಿ ಇದನ್ನೊಂದು ನಾಟಕ ಅಂದುಕೊಂಡೇ ನೋಡೋಣ. ಸ್ಕ್ರಿಪ್ಟ್ ಹೇಗಿದೆ?

ಮೊದಲ ಎಡವಟ್ಟು ಭತ್ತದ್ದು. ನಾಟಕದ ಕ್ಲೈಮ್ಯಾಕ್ಸೇ ಅದು. ಒಂದು ಗುಂಡಿ, ಮೊಣಕಾಲುದ್ದ ಕೆಸರು, ಕೈಗೊಂದು ಹಿಡಿ ಪೈರು. ಮಕ್ಕಳು ಸಾಲಾಗಿ ನಿಂತು ನೆಡ್ತಾರೆ, 'ಕೈ ಕೆಸರಾದರೆ ಬಾಯಿ ಮೊಸರು' ಅಂತ ಟೀಚರ್ ಹೇಳಿಕೊಡ್ತಾರೆ, ಫೋಟೋಗ್ರಾಫರ್ ಕ್ಲಿಕ್ಕಿಸ್ತಾರೆ. ನೋಡೋಕೆ ಚೆಂದವೇ. ಆದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಸೀಮೆ ಇದು. ವರ್ಷವಿಡೀ ಹರಿಯೋ ಒಂದು ನದಿ ಇಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಇಲ್ಲಿ ಕೆರೆ ಹಿಂದೆ ಒಂದಷ್ಟು ಗದ್ದೆ ಇದ್ದ ಕಾಲ ಇತ್ತು, ಇಲ್ಲ ಅನ್ನಲ್ಲ. ಈಗ ನಮ್ಮ ಮನೆಯ ಸೋನಾ ಮಸೂರಿಯಲ್ಲಿ ಬಹಳಷ್ಟು ಬರೋದು ಗಂಗಾವತಿ, ಸಿಂಧನೂರು ಕಡೆಯಿಂದ, ತುಂಗಭದ್ರೆಯ ಕಾಲುವೆ ನೀರಲ್ಲಿ ಬೆಳೆದದ್ದು. ನಾನು ನೋಡಿದ ಒಂದು ಕಡೆ ಆ ಕೆಸರಿನ ಗುಂಡಿಗೆ ನೀರು ಬಿಟ್ಟಿದ್ದು ಟ್ಯಾಂಕರಿಂದ. ಮಕ್ಕಳು ಬರೋ ಹೊತ್ತಿಗೆ ಟ್ಯಾಂಕರ್ ಆಚೆ ಹೋಗಿತ್ತು. ಅದನ್ನು ನಿಲ್ಲಿಸಿಯೇ ತೋರಿಸಿದ್ದರೆ ಆ ದಿನದ ಅತ್ಯುತ್ತಮ ಪಾಠ ಅದೇ ಆಗ್ತಿತ್ತು!

ಅಲ್ಲೇ ಬೇಲಿಯಾಚೆ ರಾಗಿ ಹೊಲ. ಯಾರೂ ಅತ್ತ ತಿರುಗಲಿಲ್ಲ. ಮುಂಗಾರಿನಲ್ಲಿ ಬಿತ್ತಿ, ನಾಲ್ಕು ತಿಂಗಳು ಮಳೆಯನ್ನೇ ನಂಬಿಕೊಂಡು ನಿಂತು, ನವೆಂಬರ್ ಹೊತ್ತಿಗೆ ತೆನೆ ಬಾಗಿಸಿರೋ ಹೊಲ. ಬೆಂಗಳೂರಿನ ಊಟ ಎಲ್ಲಿಂದ ಬರ್ತಿತ್ತು ಅನ್ನೋ ಪ್ರಶ್ನೆಗೆ ನೂರಾರು ವರ್ಷ ಉತ್ತರವಾಗಿದ್ದ ಬೆಳೆ ಅದು. ಅದರಲ್ಲೂ ಅಕ್ಕಡಿ ಸಾಲು ಅಂತ ಒಂದಿದೆ. ರಾಗಿಯ ನಡುನಡುವೆ ಒಂದೊಂದು ಸಾಲು ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆ ಕೈಗೆ ಸಿಗಬಹುದು, ಅವರೆಗೆ ಹುಳ ಬಿದ್ದರೆ ತೊಗರಿ ಉಳಿಯಬಹುದು. ದ್ವಿದಳ ಧಾನ್ಯ ಮಣ್ಣಿಗೆ ಸಾರಜನಕ ಕೊಡುತ್ತೆ ಅಂತ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡ್ತಾರಲ್ಲ, ಅದು ಇಲ್ಲಿ ಸಾಲಾಗಿ ನಿಂತಿರುತ್ತೆ. ಆಫೀಸಲ್ಲಿ ನಾವು 'ರಿಸ್ಕ್ ಡೈವರ್ಸಿಫಿಕೇಶನ್' ಅಂತ ಸ್ಲೈಡ್ ಮಾಡ್ತೀವಿ, ಮ್ಯೂಚುವಲ್ ಫಂಡ್ ಏಜೆಂಟ್ ಅದನ್ನೇ ಹೇಳಿ ತಲೆ ತಿನ್ನುತ್ತಾನೆ. ನಮ್ಮಜ್ಜಿಯಂಥವರು ಮೊರದಲ್ಲಿ ಬೀಜ ಬೆರೆಸಿಟ್ಟುಕೊಂಡು ಅದೇ ಲೆಕ್ಕ ಹಾಕ್ತಿದ್ದರು.

ಇನ್ನು ಹಸು. 'ಹಾಲು ಎಲ್ಲಿಂದ ಬರುತ್ತೆ?' ಅಂತ ಗೈಡ್ ಕೇಳಿದ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು 'ನಂದಿನಿ ಪ್ಯಾಕೆಟ್' ಅಂದಳು. ದೊಡ್ಡವರೆಲ್ಲಾ ಹೋ ಅಂತ ನಕ್ಕರು. ಇಂಥ ನಗುವನ್ನು ಎಷ್ಟು ವಾಟ್ಸಾಪ್ ಫಾರ್ವರ್ಡುಗಳಲ್ಲಿ ನೋಡಿದ್ದೇವೆ ಅಲ್ವಾ, ಈಗಿನ ಕಾಲದ ಮಕ್ಕಳಿಗೆ ಹಸುವೇ ಗೊತ್ತಿಲ್ಲ ಅಂತ. ನನ್ನ ಪ್ರಕಾರ ಆ ಹುಡುಗಿಯ ಉತ್ತರ ಅರ್ಧ ಸರಿ, ಗೈಡ್ ನಿರೀಕ್ಷಿಸಿದ 'ಹಸು' ಅನ್ನೋದೂ ಅರ್ಧವೇ ಸರಿ. ಹಸುವಿಗೂ ಪ್ಯಾಕೆಟ್ಟಿಗೂ ನಡುವೆ ಏನೇನಿದೆ? ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಹಳ್ಳಿಯ ಡೇರಿ ಮುಂದೆ ಕ್ಯೂ ನಿಲ್ಲೋ ಹೆಂಗಸರಿದ್ದಾರೆ. ಹಾಲಿನ ಜಿಡ್ಡು ಅಳೆಯೋ ಯಂತ್ರ ಇದೆ, ಆ ಅಳತೆಯ ಮೇಲೆ ನಿಗದಿಯಾಗೋ ರೇಟಿದೆ. ಸರ್ಕಾರ ಲೀಟರಿಗೆ ಕೊಡೋ 5 ರೂಪಾಯಿ ಪ್ರೋತ್ಸಾಹಧನ, ಅದು ಖಾತೆಗೆ ಯಾವಾಗ ಬೀಳುತ್ತೆ ಅನ್ನೋ ಕಾಯುವಿಕೆ ಇದೆ. ಸ್ಟೀಲ್ ಟ್ಯಾಂಕರು, ಯಲಹಂಕದಲ್ಲೇ ಇರೋ ಕೆಎಂಎಫ್‌ನ ಮದರ್ ಡೇರಿ, ಬೆಳಗಿನ ಜಾವ ಬೂತಿನ ಮುಂದೆ ಇಳಿಯೋ ಕ್ರೇಟು. ಸಾಲ ಮಾಡಿ ಹಸು ತಂದ ಸಂಸಾರವೊಂದು ವಾರದ ಖರ್ಚು ತೂಗಿಸೋದು ಈ ಸರಪಳಿಯ ಮೇಲೆ. ಕೆಚ್ಚಲಿಗೆ ಕೈ ಹಾಕಿ ಮೂರು ಹನಿ ಕರೆದು 'ಯಕ್' ಅನ್ನೋದರಲ್ಲಿ ಇದ್ಯಾವುದೂ ಬರಲ್ಲ.

ಫಾರ್ಮ್ ವಿಸಿಟ್ಟಿನ ಸ್ಕ್ರಿಪ್ಟಿನಲ್ಲಿ ದುಡ್ಡು ಅನ್ನೋ ಪದವೇ ಇಲ್ಲ ಅನ್ನೋದು ನನ್ನ ಮುಖ್ಯ ಆಕ್ಷೇಪ. ರೈತ ಅನ್ನೋ ಪಾತ್ರ ಇದೆ, ತಲೆಗೆ ಟವೆಲ್ ಸುತ್ತಿಕೊಂಡು ನಗ್ತಾ ನಿಂತಿರುತ್ತೆ. ಮಕ್ಕಳು 'ಥ್ಯಾಂಕ್ಯೂ ಫಾರ್ಮರ್ ಅಂಕಲ್' ಅಂತ ಒಟ್ಟಿಗೆ ಕೂಗ್ತಾರೆ. ಆ ಅಂಕಲ್ ಸ್ವಂತ ಜಮೀನಿನ ರೈತನೋ ತಿಂಗಳ ಸಂಬಳದ ನೌಕರನೋ ಯಾರೂ ಕೇಳಲ್ಲ. (ನಾನು ಕೇಳಿದೆ. ಎರಡು ಕಡೆ ಸಂಬಳದವರೇ. ಒಬ್ಬರಿಗೆ ಹಿಂದೆ ಅಲ್ಲೇ ಪಕ್ಕದಲ್ಲಿ ಎರಡು ಎಕರೆ ಇತ್ತಂತೆ.) ಹೀಗೆ ಕೂಗಿಸಿದರೆ ಮಕ್ಕಳಿಗೆ ಬರೋದು ಗೌರವ ಅಂತ ನನಗನಿಸಲ್ಲ. ದೇವರ ಫೋಟೋಗೆ ಕೈ ಮುಗಿದ ಹಾಗೆ ಅದು. ದೇವರು ಊಟ ಮಾಡಿದ್ದಾನಾ, ಮಗಳ ಕಾಲೇಜು ಫೀಸ್ ಕಟ್ಟಿದ್ದಾನಾ ಅಂತ ನಾವು ವಿಚಾರಿಸಲ್ಲವಲ್ಲ.

ಮಕ್ಕಳಿಗೆ ಇಷ್ಟೆಲ್ಲಾ ಅರ್ಥ ಆಗುತ್ತಾ, ಪಾಪ ಖುಷಿಯಾಗಿ ಆಡಿಕೊಂಡು ಬರಲಿ ಬಿಡಿ ಅನ್ನೋರಿದ್ದಾರೆ. ಖುಷಿಯಾಗಿ ಆಡಲಿ, ಕೆಸರು ಮೆತ್ತಿಕೊಳ್ಳಲಿ, ಕರುವಿನ ಮೂಗು ಮುಟ್ಟಲಿ. ಆದರೆ ಅರ್ಥ ಆಗಲ್ಲ ಅನ್ನೋ ಮಾತನ್ನು ಒಪ್ಪೋಕಾಗಲ್ಲ. ಅದಕ್ಕೆ ಸಾಕ್ಷಿ ನಮ್ಮ ಪಠ್ಯಪುಸ್ತಕದಲ್ಲೇ ಇತ್ತು. 2005ರ ಪಠ್ಯಕ್ರಮ ಚೌಕಟ್ಟಿನ ಮೇಲೆ ಎನ್‌ಸಿಇಆರ್‌ಟಿ ಮಾಡಿದ ಐದನೇ ತರಗತಿಯ ಪರಿಸರ ಅಧ್ಯಯನ ಪುಸ್ತಕ 'ಲುಕಿಂಗ್ ಅರೌಂಡ್'ನಲ್ಲಿ, ಬೀಜವೊಂದು ರೈತನ ಕತೆ ಹೇಳೋ ಪಾಠ ಇದೆ. ಗುಜರಾತಿನ ಒಂದು ಹಳ್ಳಿ. 1940ರಿಂದ ಮರದ ಪೆಟ್ಟಿಗೆಯಲ್ಲಿ ಕೂತಿರೋ ಸಜ್ಜೆ ಕಾಳು ಮಾತಾಡುತ್ತೆ. ದಾಮ್‌ಜಿಭಾಯ್ ಅನ್ನೋ ರೈತ ಬೀಜ ಕಾಪಾಡಿಕೊಂಡು ಬಂದದ್ದು, ಆಮೇಲೆ ಮಗ ಹಸ್ಮುಖ್ ಕಾಲಕ್ಕೆ ಕರೆಂಟು, ಪಂಪು, ಟ್ರ್ಯಾಕ್ಟರ್ ಬಂದು, ಗೋಧಿ-ಹತ್ತಿ ಬಂದು, ಒಂದಷ್ಟು ವರ್ಷ ಕೈತುಂಬ ಕಾಸು ಬಂದದ್ದು, ಆಮೇಲೆ ಗೊಬ್ಬರ-ಔಷಧಿ ಖರ್ಚು ಏರಿ, ಇಳುವರಿ ಇಳಿದು ಸಾಲ ಆದದ್ದು. ಮೊಮ್ಮಗ ಕೊನೆಗೆ ಟ್ರಕ್ ಓಡಿಸೋಕೆ ಹೋಗ್ತಾನೆ. ಸಾಲ ತೀರಿಸಲಾಗದ ರೈತರ ಪತ್ರಿಕಾ ವರದಿಯೂ ಆ ಪಾಠದಲ್ಲಿದೆ. ಹತ್ತು ವರ್ಷದ ಮಗುವಿಗೆ ಅಂತ ಬರೆದದ್ದು ಇದು! ಟ್ರ್ಯಾಕ್ಟರ್ ಕೆಟ್ಟದ್ದು ಅಂತಾಗಲಿ ಅಜ್ಜನ ಕಾಲ ಸ್ವರ್ಗ ಅಂತಾಗಲಿ ಅದು ಷರಾ ಬರೆಯಲ್ಲ. ಮೂರು ತಲೆಮಾರಿನ ಮನೆಯಲ್ಲಿ ಏನೇನು ಬದಲಾಯ್ತು ಅಂತ ತೋರಿಸಿ, ಪ್ರಶ್ನೆ ಕೇಳಿ ನಿಲ್ಲುತ್ತೆ. ಬೇಸಾಯದ ಬಗ್ಗೆ ನಾನು ಓದಿದ ಶಾಲಾ ಪಾಠಗಳಲ್ಲಿ ಇದಕ್ಕಿಂತ ಚೆನ್ನಾಗಿರೋದು ಇನ್ನೊಂದಿಲ್ಲ.

ಅದೇ ಸಂಸ್ಥೆಯ ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ತೀರಾ ಈಚಿನವರೆಗೂ ಮೊದಲನೇ ಅಧ್ಯಾಯವಾಗಿದ್ದದ್ದು ಬೆಳೆ ಉತ್ಪಾದನೆ ಮತ್ತು ನಿರ್ವಹಣೆ. ಮಣ್ಣು ಹದ ಮಾಡೋದು, ಬಿತ್ತನೆ, ಗೊಬ್ಬರ, ನೀರಾವರಿ, ಕಳೆ, ಕೊಯ್ಲು, ದಾಸ್ತಾನು ಅಂತ ಏಳು ಹಂತ. ಏಳನೇ ಹಂತ ದಾಟಿದ ಮೇಲೆ ಆ ಮೂಟೆ ಎಲ್ಲಿಗೆ ಹೋಯ್ತು, ಯಾರು ಕೊಂಡರು, ಎಷ್ಟಕ್ಕೆ ಕೊಂಡರು? ಪುಸ್ತಕ ಅಲ್ಲಿಗೆ ಗೋಡೌನಿನ ಬಾಗಿಲು ಹಾಕಿಕೊಳ್ಳುತ್ತೆ. ಖಾರಿಫ್ ಬೆಳೆಗೆ ಕೊಟ್ಟ ಉದಾಹರಣೆಗಳು ಭತ್ತ, ಮೆಕ್ಕೆಜೋಳ, ಸೋಯಾ, ಕಡಲೆಕಾಯಿ, ಹತ್ತಿ. ಆ ಪಟ್ಟಿಯಲ್ಲಿ ರಾಗಿ ಇಲ್ಲ. ದೆಹಲಿಯಲ್ಲಿ ಕೂತು ಬರೆದವರಿಗೆ ಯಲಹಂಕದ ರಾಗಿ ನೆನಪಾಗಬೇಕು ಅಂತ ನಾನು ಹೇಳಲ್ಲ. ಆದರೆ ಯಲಹಂಕದಲ್ಲಿ ಪಾಠ ಮಾಡೋರಿಗೆ ನೆನಪಾಗಬೇಕಿತ್ತು. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಘೋಷಿಸಿದಾಗ ಇದೇ ಶಾಲೆಗಳಲ್ಲಿ ರಾಗಿ ಕಪ್‌ಕೇಕ್ ಸ್ಪರ್ಧೆ ನಡೀತು. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ, ಅಂದರೆ ಕೆಜಿಗೆ 43 ರೂಪಾಯಿ ಹತ್ತಿರ. ಒಂದು ಕಪ್‌ಕೇಕಿನಲ್ಲಿ ಎಷ್ಟು ಗ್ರಾಂ ರಾಗಿ, ಅದರಲ್ಲಿ ಬೆಳೆದವನಿಗೆ ಹೋದದ್ದೆಷ್ಟು? ಐದನೇ ಕ್ಲಾಸಿನ ಲೆಕ್ಕ ಇದು, ಮಾಡಿಸಬಹುದಿತ್ತು.

ಹಾಗಂತ ನಮ್ಮ ಕಡೆ ಸೌಕರ್ಯಕ್ಕೇನು ಬರ? ಉತ್ತರ ಬೆಂಗಳೂರಿನಷ್ಟು ಅದೃಷ್ಟವಂತ ಜಾಗ ಈ ವಿಷಯದಲ್ಲಿ ಕಡಿಮೆ. ಫ್ಲೈಓವರ್ ಮತ್ತು ಟ್ರಾಫಿಕ್ ಜಾಮಿಗೆ ಮಾತ್ರ ಹೆಸರಾಗಿರೋ ನಮ್ಮ ಹೆಬ್ಬಾಳದಲ್ಲಿ ಕೃಷಿ ಸಂಶೋಧನೆ ಶುರುವಾಗಿದ್ದು 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿದ್ದಾಗ ಕೊಟ್ಟ 30 ಎಕರೆಯಲ್ಲಿ. ಕೃಷಿ ವಿಶ್ವವಿದ್ಯಾಲಯ 1964ರದ್ದು. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕಡೆ ಹೋಗ್ತಾ ಎಡಗಡೆ ಹಸಿರಾಗಿ ಕಾಣೋ ಜಿಕೆವಿಕೆಯ ಒಳಗೆ ರಾಗಿ ತಳಿಗಳ ತಾಕುಗಳಿವೆ. ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆದರು. ಇಸ್ರೋ ವಿಜ್ಞಾನಿಗಳ ಹೆಸರು ಹೇಳೋ ನಮ್ಮ ಕ್ವಿಜ್ ಮಕ್ಕಳಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದಾರೆ?

ಅಲ್ಲೇ ನಡೆಯೋ ಕೃಷಿ ಮೇಳಕ್ಕೆ ಶಾಲೆಗಳು ಬರಲ್ಲ ಅಂತಿಲ್ಲ, ಬಸ್ಸುಗಟ್ಟಲೆ ಬರ್ತಾವೆ. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟುಕೊಂಡು ರೈಲಿನ ಹಾಗೆ ಸಾಗೋ ಮಕ್ಕಳ ಸಾಲು ಪ್ರತಿವರ್ಷದ ದೃಶ್ಯ. ಡ್ರೋನ್ ಮುಂದೆ ಒಂದು ನಿಲುಗಡೆ, ದೈತ್ಯ ಟಗರಿನ ಮುಂದೆ ಇನ್ನೊಂದು. 2021ರಲ್ಲಿ ಒಂದು ಕೋಟಿ ಬೆಲೆಯದ್ದು ಅಂತ ಸುದ್ದಿಯಾದ ಹಳ್ಳಿಕಾರ್ ಹೋರಿಯ ಸುತ್ತ ನೆರೆದಿದ್ದ ಜನವನ್ನು ಟೀವಿಯಲ್ಲಿ ನೀವೂ ನೋಡಿರ್ತೀರಿ. ಜನಜಂಗುಳಿಯಲ್ಲಿ ಮಕ್ಕಳನ್ನು ಎಣಿಸಿಕೊಂಡು ವಾಪಸ್ ಕರೆತರೋದೇ ಟೀಚರಿಗೆ ಸಾಹಸ, ಅವರನ್ನು ನಾನು ದೂರಲ್ಲ. ಆದರೆ ಅದೇ ಮೇಳದಲ್ಲಿ ಕೋಲಾರ, ತುಮಕೂರು, ರಾಮನಗರದಿಂದ ಬಂದ ನಿಜವಾದ ರೈತರು ಪಕ್ಕದಲ್ಲೇ ನಡೆದು ಹೋಗ್ತಿರ್ತಾರೆ, ಬೀಜದ ಸ್ಟಾಲಿನಲ್ಲಿ ಪ್ಯಾಕೆಟ್ ತಿರುಗಿಸಿ ನೋಡಿ ಬೆಲೆ ಚೌಕಾಸಿ ಮಾಡ್ತಿರ್ತಾರೆ. ಒಂದು ಮಗುವಿನ ಕೈಗೆ 'ಒಬ್ಬ ರೈತರನ್ನೋ ರೈತ ಮಹಿಳೆಯನ್ನೋ ಮಾತಾಡಿಸಿ, ಈ ವರ್ಷ ಏನು ಹಾಕಿದ್ದೀರಿ ಅಂತ ಕೇಳಿಕೊಂಡು ಬಾ' ಅನ್ನೋ ಒಂದು ಸಾಲಿನ ಚೀಟಿ ಕೊಟ್ಟು ಕಳಿಸಿದ್ದರೆ ಹೋರಿ ನೋಡಿದ ಮೇಲೂ ಸಮಯ ಮಿಗ್ತಿತ್ತು.

ಅದಿರಲಿ, ಬಸ್ಸಿನೊಳಗೇ ಒಬ್ಬರಿದ್ದರಲ್ಲ. ಎರಡನೇ ಟ್ರಿಪ್ಪಿನಲ್ಲಿ ಕಿಟಕಿಯಾಚೆ ಹಸಿರು ಹೊಲ ನೋಡಿ ಮಕ್ಕಳು 'ಕಬ್ಬು, ಕಬ್ಬು' ಅಂತ ಕಿರುಚಿದರು. 'ಕಬ್ಬಲ್ಲ ಮಕ್ಕಳಾ, ಮುಸುಕಿನ ಜೋಳ' ಅಂದರು ಡ್ರೈವರ್ ಅಣ್ಣ. ಗೌರಿಬಿದನೂರು ಕಡೆಯವರು. ತೆನೆ ಬಲಿಯುವ ಮೊದಲೇ ಹೀಗೆ ಕೊಯ್ದು ಹಸುವಿಗೆ ಹಾಕ್ತಾರೆ, ಕಾಳಿಗಿಂತ ಮೇವಿಗೆ ಅಂತಲೇ ಬೆಳೆಯೋರು ಈಗ ಜಾಸ್ತಿ, ಯಾಕಂದ್ರೆ ಡೇರಿ ದುಡ್ಡು ಹದಿನೈದು ದಿನಕ್ಕೆ ಬರುತ್ತೆ, ರಾಗಿ ದುಡ್ಡು ವರ್ಷಕ್ಕೊಂದ್ಸಲ ಅಂತ ಸ್ಟೀರಿಂಗ್ ತಿರುಗಿಸ್ತಾ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದರು. ಆಮೇಲೆ ಟೀಚರ್ ಅಂತ್ಯಾಕ್ಷರಿ ಶುರು ಮಾಡಿಸಿದರು. ನಮ್ಮ ಶಾಲೆಗಳ ಆಯಾಗಳು, ಸೆಕ್ಯುರಿಟಿಯವರು, ತೋಟದ ಮಾಲಿ, ಅಪಾರ್ಟ್‌ಮೆಂಟ್ ಕಟ್ಟೋಕೆ ರಾಯಚೂರು-ಯಾದಗಿರಿಯಿಂದ ಬಂದು ಥಣಿಸಂದ್ರದ ಶೆಡ್ಡುಗಳಲ್ಲಿರೋರು, ಇವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿದವರೇ. ಗೆಸ್ಟ್ ಲೆಕ್ಚರಿಗೆ ಸ್ಟಾರ್ಟಪ್ ಸಿಇಓ ಕರೆಸೋ ಶಾಲೆ ಗೇಟಿನಲ್ಲಿ ನಿಂತಿರೋರನ್ನು ಒಳಗೆ ಕರೆದು ಕೂರಿಸಿದ್ದು ನಾನಂತೂ ಕಂಡಿಲ್ಲ.

ನೀರಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದು ನಮ್ಮ ಬಾತ್‌ರೂಮಿನಿಂದ ಶುರುವಾಗೋ ಕತೆ. ಆರ್.ಟಿ. ನಗರ, ಹೆಬ್ಬಾಳ, ನಾಗವಾರದ ಮನೆಗಳಿಂದ ನಾವು ಫ್ಲಶ್ ಮಾಡಿದ, ಪಾತ್ರೆ ತೊಳೆದು ಬಿಟ್ಟ ನೀರು ಎಲ್ಲಿಗೆ ಹೋಗುತ್ತೆ? ಎರಡನೇ ಹಂತದವರೆಗೆ ಶುದ್ಧೀಕರಣವಾಗಿ, ಹೆಬ್ಬಾಳ-ನಾಗವಾರ ವ್ಯಾಲಿ ಯೋಜನೆಯ ಪೈಪುಗಳಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತೆ. ದಿನಕ್ಕೆ 21 ಕೋಟಿ ಲೀಟರ್, 65 ಕೆರೆ ತುಂಬಿಸೋದು ಯೋಜನೆಯ ಗುರಿ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹೀಗೆ ನೀರು ಬಂದಿದೆ. ಕೆರೆಯಿಂದ ಅಂತರ್ಜಲಕ್ಕೆ, ಅಲ್ಲಿಂದ ಬೋರ್‌ವೆಲ್ಲಿಗೆ, ಬೋರ್‌ವೆಲ್ಲಿಂದ ಟೊಮ್ಯಾಟೊ, ಕೋಸು, ಸೊಪ್ಪಿನ ಮಡಿಗೆ, ಅಲ್ಲಿಂದ ಟೆಂಪೋ ಏರಿ ಮತ್ತೆ ನಮ್ಮ ಅಡುಗೆಮನೆಗೆ. ಮೂರನೇ ಹಂತದ ಶುದ್ಧೀಕರಣ ಆಗದ ನೀರು ಅಂತ ಅಲ್ಲಿನ ರೈತ ಸಂಘಟನೆಗಳು ಆಕ್ಷೇಪ ಎತ್ತಿಕೊಂಡೇ ಬಂದಿವೆ, ಒಣಗಿದ ಕೆರೆಗೆ ನೀರಾದರೂ ಬಂತಲ್ಲ ಅನ್ನೋ ರೈತರೂ ಇದ್ದಾರೆ. 'ಊಟ ಎಲ್ಲಿಂದ ಬರುತ್ತೆ' ಅನ್ನೋ ಪ್ರಶ್ನೆಗೆ ಬೆಂಗಳೂರಿನ ಮಗು ಕೊಡಬಹುದಾದ ಪ್ರಾಮಾಣಿಕ ಉತ್ತರದಲ್ಲಿ 'ನಮ್ಮ ಮನೆಯ ಚರಂಡಿಯಿಂದಲೂ' ಅನ್ನೋ ಭಾಗ ಇರಲೇಬೇಕು. ವಿಜ್ಞಾನ, ಭೂಗೋಳ, ಪೌರನೀತಿ ಮೂರೂ ಒಂದೇ ಪೈಪಿನಲ್ಲಿವೆ. ಯಾವ ಫಾರ್ಮಿನ ಪ್ಯಾಕೇಜಿನಲ್ಲೂ ಇದಿಲ್ಲ.

ಬೆಲೆಯ ಪಾಠಕ್ಕೂ ದೂರ ಹೋಗಬೇಕಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸು 2,000 ರೂಪಾಯಿ ದಾಟಿತ್ತು, ನಾವೆಲ್ಲಾ ಮೀಮ್ ಮಾಡಿದೆವು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು, ಆಗ ಮೀಮ್ ಬರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ 40% ಸುಂಕ ಹಾಕಿತು. ಚಿಕ್ಕಬಳ್ಳಾಪುರ, ಕೋಲಾರ ಸುತ್ತ ಬೆಳೆಯೋ ಬೆಂಗಳೂರು ಗುಲಾಬಿ ಈರುಳ್ಳಿ ಪುಟ್ಟದು, ಖಾರ ಜಾಸ್ತಿ, ಹೆಚ್ಚಿನದು ಹೋಗೋದೇ ಮಲೇಷ್ಯಾ, ಸಿಂಗಾಪುರದಂಥ ದೇಶಗಳಿಗೆ. ಬೆಂಗಳೂರಿನ ಹೆಸರಿಟ್ಟುಕೊಂಡ ಈರುಳ್ಳಿಯನ್ನು ಬೆಂಗಳೂರಿನವರು ತಿನ್ನೋದು ಅಪರೂಪ! ಸುಂಕ ಅದಕ್ಕೂ ಬಿತ್ತು, ರೈತರು ಗಲಾಟೆ ಮಾಡಿದ ಮೇಲೆ ಸೆಪ್ಟೆಂಬರ್ ಕೊನೆಗೆ ವಿನಾಯಿತಿ ಸಿಕ್ಕಿತು. ದೆಹಲಿಯ ಒಂದು ಆದೇಶ ಮತ್ತು ಚಿಕ್ಕಬಳ್ಳಾಪುರದ ಒಂದು ಮನೆಯ ನಡುವಿನ ಸಂಬಂಧವನ್ನು ಎಂಟನೇ ಕ್ಲಾಸಿಗೆ ವಿವರಿಸೋಕೆ ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿದೆ?

ಇಷ್ಟೆಲ್ಲಾ ಹೇಳಿ ನೆಲದ ಮಾತು ಬಿಟ್ಟರೆ ಆಗಲ್ಲ. ಫಾರ್ಮಿಗೆ ಹೋಗೋ ಬಸ್ಸು ಏರ್‌ಪೋರ್ಟ್ ರಸ್ತೆಯಲ್ಲೇ ಹೋಗುತ್ತೆ. ಏರ್‌ಪೋರ್ಟ್ ಶುರುವಾದದ್ದು 2008ರಲ್ಲಿ, ಸುಮಾರು 4,000 ಎಕರೆಯಲ್ಲಿ. ಅಲ್ಲಿಂದ ಮುಂದೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ. 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳೋಕೆ ಹೊರಟಾಗ ಅಲ್ಲಿನ ರೈತರು 2022ರ ಏಪ್ರಿಲಿನಿಂದ ಧರಣಿ ಕೂತರು. ಸಾವಿರ ದಿನ ದಾಟಿತು. ದ್ರಾಕ್ಷಿ, ಹೂವು, ತರಕಾರಿ, ರಾಗಿ ಬೆಳೆಯೋ, ಹಾಲು ಹಾಕೋ ಹಳ್ಳಿಗಳು ಅವು. 2025ರ ಜುಲೈ 15ರಂದು ಸ್ವಾಧೀನ ಕೈಬಿಡ್ತೀವಿ, ತಾವಾಗೇ ಕೊಡೋರು ಕೊಡಬಹುದು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಆ ಮೂರು ವರ್ಷವೂ ಇದೇ ತಾಲ್ಲೂಕಿಗೆ ಮಕ್ಕಳ ಬಸ್ಸುಗಳು 'ರೈತನ ಜೀವನ' ನೋಡೋಕೆ ಹೋಗಿ ಬಂದವು. ಕೈಗಾರಿಕೆ ಬೇಡ ಅಂತ ನಾನು ವಾದಿಸ್ತಿಲ್ಲ. ನನ್ನ ಸಂಬಳ ಬರೋದು ಹತ್ತು ವರ್ಷದ ಹಿಂದೆ ಹೊಲವಾಗಿದ್ದ ಜಾಗದಲ್ಲಿ ಎದ್ದ ಕಟ್ಟಡದಿಂದ. ಆದರೆ ಹೊಲ ಇರಬೇಕಾ ಫ್ಯಾಕ್ಟರಿ ಬರಬೇಕಾ, ಅದನ್ನು ಯಾರು ತೀರ್ಮಾನಿಸಬೇಕು ಅನ್ನೋ ಚರ್ಚೆಯನ್ನು ಹೈಸ್ಕೂಲ್ ಮಕ್ಕಳು ಮಾಡದೆ ಇನ್ಯಾರು ಮಾಡಬೇಕು? ಡಿಬೇಟ್ ಕ್ಲಬ್ಬಿನಲ್ಲಿ ಮಂಗಳ ಗ್ರಹದ ವಸಾಹತು ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ದೇವನಹಳ್ಳಿ ಅದಕ್ಕಿಂತ ಹತ್ತಿರ.

ಜಪಾನಿನಲ್ಲಿ ಊಟದ ಶಿಕ್ಷಣಕ್ಕೆ ಅಂತಲೇ 2005ರಲ್ಲಿ ಕಾನೂನು ಬಂತು. ಅಲ್ಲಿ ಮಕ್ಕಳೇ ಏಪ್ರನ್ ಕಟ್ಟಿ ಊಟ ಬಡಿಸಿ, ಒಟ್ಟಿಗೆ ತಿಂದು, ಕ್ಲೀನ್ ಮಾಡೋ ವಿಡಿಯೋಗಳನ್ನು ನಮ್ಮ ಪೇರೆಂಟ್ಸ್ ಗ್ರೂಪು ತಿಂಗಳಿಗೊಮ್ಮೆ ಹಂಚಿಕೊಳ್ಳುತ್ತೆ. ನಮ್ಮಲ್ಲೇ ಪಕ್ಕದ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ಕೂರ್ತಾರೆ, 2013ರಿಂದ ಕ್ಷೀರಭಾಗ್ಯದ ಹಾಲು ಬರ್ತಿದೆ, 2024ರಿಂದ ರಾಗಿ ಮಾಲ್ಟ್. ಆ ವಿಡಿಯೋ ಯಾರೂ ಹಾಕಲ್ಲ.

ಹೋದ ತಿಂಗಳ ಪೇರೆಂಟ್ಸ್ ಮೀಟಿಂಗಿನಲ್ಲಿ ನಾನೊಂದು ಪ್ರಸ್ತಾಪ ಇಟ್ಟೆ. ಈ ಸಲ ಫಾರ್ಮ್ ಬೇಡ, ಆರನೇ ಕ್ಲಾಸಿನ ಮೇಲ್ಪಟ್ಟವರನ್ನು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಕರೆದುಕೊಂಡು ಹೋಗೋಣ ಅಂತ. ಲಾರಿ ಇಳಿಸೋ ಹಮಾಲರು, ಹರಾಜು, ದಲ್ಲಾಳಿ ಬರೆದುಕೊಡೋ ಚೀಟಿ, ಮೂಟೆಯ ತೂಕ, ಕೂಲಿ ಕಳೆದು ಉಳಿದದ್ದು ಎಷ್ಟು, ಅದೇ ಮಾಲು ನಮ್ಮ ಹತ್ತು ನಿಮಿಷದ ಡೆಲಿವರಿ ಆ್ಯಪಿನಲ್ಲಿ ಎಷ್ಟು. ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಅಲ್ಲಿ ಸೇಫ್ಟಿ ಹೇಗೆ ಅಂದರು, ಇನ್ನೊಬ್ಬರು ವಾಶ್‌ರೂಮ್ ಹೇಗಿರುತ್ತೆ ಅಂದರು. ಒಳ್ಳೆಯ ಪ್ರಶ್ನೆಯೇ. ರಾತ್ರಿಯೆಲ್ಲಾ ಲಾರಿಯಲ್ಲಿ ಕೂತು ಮಾಲು ತರೋ ರೈತರೂ ಇಳಿದ ತಕ್ಷಣ ಹುಡುಕೋದು ಅದನ್ನೇ ಇರಬೇಕು, ಮಕ್ಕಳ ಪ್ರಶ್ನೆಪಟ್ಟಿಗೆ ಅದನ್ನೂ ಸೇರಿಸಿದ್ದೇನೆ. ಶಾಲೆ ಇನ್ನೂ ಹೂಂ ಅಂದಿಲ್ಲ. ಮೂವರು ಪೇರೆಂಟ್ಸ್ ಒಪ್ಪಿದ್ದಾರೆ, ಮಕ್ಕಳು ಐದು ಜನ ಆಗ್ತಾರೆ. ಜನವರಿಯ ಒಂದು ಶನಿವಾರ, ಬೆಳಗ್ಗೆ ಐದೂವರೆಗೆ ಮನೆ ಬಿಡಬೇಕು.